ಹನ್ನೊಂದು ಪಾತ್ರೆ ಟರ್ನಿಪ್ ಮುದ್ದೆ

ಹೆಗ್ರಾ, ಉತ್ತರ ಡಕೋಟ
ಅಕ್ಟೋಬರ್ ೧೪, ಸೋಮವಾರ ಬೆಳಿಗ್ಗೆ

ಪ್ರೀತಿಯ ಥೋರಕ್ಕಾ,

ಹೇಗಿದ್ದೀಯ? ಬಲಗೈ ಬೆರಳುಗಳು ಈಗಲಾದರೂ ಮಾತು ಕೇಳುತ್ತಿವೆಯೆ? ಊಟ ಸೇರುತ್ತದೆಯೆ, ನಿದ್ದೆ ಬರುತ್ತದೆಯೆ? ಹೋದ ವಾರ ನಿನ್ನ ಮಗಳು ಜೋಯ್ಲಿನ್ ಫೋನಿನಲ್ಲಿ ಹೇಳಿದಳು, ರಬ್ಬರ್ ಚೆಂಡು ಹಿಸುಕಿಸುವ ಆ ವ್ಯಾಯಾಮದ ಹುಡುಗಿಗೆ ನೀನು, "ಕೈಗೆ ಕೆಲ್ಸ ಕೊಡೋದಾದ್ರೆ ನೆಟ್ಟಗಿರೋ ಕೆಲ್ಸ ಕೊಡಮ್ಮ. ಒಂದಿಷ್ಟು ಹಿಟ್ಟು ತಂದಿಡು, ನಾದಿ ತೋರಿಸ್ತೀನಿ" ಎಂದೆಯಂತೆ. ಕೇಳಿ ನನಗೆ ಹೋದ ಜೀವ ಬಂದಂತಾಯಿತು. ಜುಲೈಯಲ್ಲಿ ನಿನಗೆ ಲಕ್ವ ಹೊಡೆದಾಗ ಬಲಗೈ, ಬಲಗಾಲು, ನಾಲಿಗೆ ಮೂರೂ ಒಟ್ಟಿಗೆ ಮುಷ್ಕರ ಹೂಡಿದ್ದವು. ಮೊದಲು ಕೆಲಸಕ್ಕೆ ಮರಳಿದ್ದು ನಾಲಿಗೆ ಎಂದು ತಿಳಿದಾಗ ಇಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ನನ್ನ ಮಂಡಿ ಪರವಾಗಿಲ್ಲ. ಅರವತ್ತೆಂಟು ವರ್ಷದ ಮಂಡಿಯಿಂದ ಇದಕ್ಕಿಂತ ಹೆಚ್ಚು ಕೇಳಬಾರದು.

ನಾನು ಕಾಗದ ಬರೆಯುವವನಲ್ಲ ಎಂದು ನಿನಗೆ ಗೊತ್ತು. ಸೈನ್ಯದಲ್ಲಿದ್ದ ಎರಡು ವರ್ಷದಲ್ಲಿ ಬರೆದದ್ದು ನಾಲ್ಕೇ ಕಾಗದ, ಅದರಲ್ಲೂ ಎರಡು ಉಣ್ಣೆಯ ಕಾಲುಚೀಲ ಕಳಿಸು ಎಂದು. ಆದರೆ ಫೋನಿನಲ್ಲಿ ನಮ್ಮಿಬ್ಬರಿಗೆ ಆಗುವುದಿಲ್ಲ. ನಿನಗೆ ಮಾತು ತಡವಾಗಿ ಬಂದಾಗ ಸಿಟ್ಟು ಬರುತ್ತದೆ. ನೀನು ಸುಮ್ಮನಿದ್ದರೆ ನನಗೆ ಗಾಬರಿಯಾಗುತ್ತದೆ. ಕೊನೆಗೆ ಗಾಳಿ ಎಷ್ಟು ಬೀಸಿತು, ಮಂಜು ಎಷ್ಟು ಬಿತ್ತು ಎಂದು ಹೇಳಿ ಇಬ್ಬರೂ ಫೋನ್ ಇಟ್ಟುಬಿಡುತ್ತೇವೆ. ಗಾಳಿಯ ಸುದ್ದಿ ಮಾತಾಡಿಕೊಳ್ಳಲು ಅಕ್ಕತಮ್ಮಂದಿರೇ ಆಗಬೇಕೇ? ಅದಕ್ಕೆ ಇವತ್ತು ಕಾಫಿ ಪಾತ್ರೆ ಪಕ್ಕಕ್ಕಿಟ್ಟುಕೊಂಡು ಕೂತಿದ್ದೇನೆ.

ಜೋಯ್ಲಿನ್ ಇನ್ನೊಂದು ವಿಷಯವನ್ನೂ ಹೇಳಿದಳು. ಬರುವ ಶುಕ್ರವಾರ, ಹದಿನೆಂಟರಂದು, ಹತ್ತು ಗಂಟೆಗೆ ವಕೀಲರು ನಿನ್ನ ಕೋಣೆಗೇ ಬರುತ್ತಾರಂತೆ. ನೀನು ಕಾಗದಕ್ಕೆ ಎಡಗೈಯಲ್ಲಿ ಸಹಿ ಹಾಕಿ, ಇಲ್ಲಿಯ ಮನೆಯನ್ನು ನಮ್ಮೂರಿನ ಡ್ಯುವೇನ್ ಔಸ್ಟಾಡನಿಗೆ ಮಾರಿ, ಮೈನಾಟ್‌ನಲ್ಲಿ ಅವಳ ಮನೆಯ ಹತ್ತಿರ ಎರಡು ಕೋಣೆಯ ವಸತಿಗೆ ಹೋಗುತ್ತೀಯಂತೆ. "ಒಂದ್ ಕೈಯವಳನ್ನ ಇಟ್ಕೊಂಡು ಹೆಗ್ರಾದವ್ರು ಏನ್ ಮಾಡ್ತಾರೆ? ಅಲ್ಲಿ ಎಲ್ರಿಗೂ ಅವರವರ ಕೆಲ್ಸ ಇದೆ" ಎಂದೆಯಂತೆ. ಅದಕ್ಕೆ ನಾನು ಏನೂ ಹೇಳಲು ಹೋಗುವುದಿಲ್ಲ. ನಿನ್ನ ಮನೆ, ನಿನ್ನ ಮನಸ್ಸು. ಸುಮ್ಮನೆ ಊರಿನ ಸುದ್ದಿ ಬರೆಯುತ್ತೇನೆ. ನೀನಿಲ್ಲದ ಮೊದಲ ಸುಗ್ಗಿಯೂಟ ನಿನ್ನೆ ಮುಗಿಯಿತು. ಅದರ ಕಥೆಯನ್ನು ಬೇರೆ ಯಾರೂ ನಿನಗೆ ಸರಿಯಾಗಿ ಹೇಳುವುದಿಲ್ಲ, ಏಕೆಂದರೆ ಎಲ್ಲರಿಗೂ ನಾಚಿಕೆ.

ಮೊದಲು ಚಿಲ್ಲರೆ ಸುದ್ದಿ. ವರ್ನಾಳ ಗಂಡ ಸೂರ್ಯಕಾಂತಿ ಕಟಾವು ಮುಗಿಸಿ ಯಂತ್ರವನ್ನು ರಸ್ತೆಗೆ ತಿರುಗಿಸುವಾಗ ನಮ್ಮೂರಿನ ಹಸಿರು ಹೆಸರುಫಲಕವನ್ನು ಬುಡಸಮೇತ ಕಿತ್ತುಹಾಕಿದ. ಪಾಪ, ಮೂರು ದಿನ ಚರ್ಚಿನ ಕಡೆಗೇ ಬರಲಿಲ್ಲ. ಹೊಸ ಫಲಕಕ್ಕಾಗಿ ನಾನು ಜಿಲ್ಲಾ ಕಚೇರಿಗೆ ಫೋನ್ ಮಾಡಿದೆ. ಅಲ್ಲಿಯ ಹೆಂಗಸು ಬಹಳ ಮರ್ಯಾದೆಯವಳು. "ಸಾರ್, ಹೆಗ್ರಾ ಊರು ಅಂತ ನಮ್ ಪಟ್ಟೀಲಿ ಇಲ್ವಲ್ಲ. ನಿಮ್ಮ ಮೇಯರ್ ಹತ್ರ ಒಂದ್ ಅರ್ಜಿ ಕೊಡಿಸ್ತೀರಾ?" ಎಂದಳು. ನಮ್ಮಲ್ಲಿ ಮೇಯರ್ ಇಲ್ಲಮ್ಮ, ಎಂದೂ ಇರಲಿಲ್ಲ, ಹದಿನಾಲ್ಕು ಜನರಿದ್ದೇವೆ ಎಂದೆ. ನಿನ್ನನ್ನು ಸೇರಿಸಿ ಹದಿನಾಲ್ಕು ಎಂದದ್ದು. ಹಾಗಾದರೆ ಯಾರನ್ನು ಮಾತಾಡಿಸಬೇಕು ಎಂದಳು. ಥೋರಾ ಲೋಕೆನ್ ಎಂಬುವರು ಇದ್ದಿದ್ದರೆ ಅವರನ್ನೇ ಮಾತಾಡಿಸಬಹುದಿತ್ತು, ಈಗ ಆಸ್ಪತ್ರೆಯಲ್ಲಿದ್ದಾರೆ ಎಂದೆ. "ಓ, ಸಾರಿ ಸಾರ್, ಅವ್ರು ವಾಪಸ್ ಬಂದ್ಮೇಲೆ ಫೋನ್ ಮಾಡಿ" ಎಂದು ಇಟ್ಟಳು. ಸದ್ಯಕ್ಕೆ ಹಳೆಯ ಫಲಕವನ್ನೇ ಬೇಲಿ ಕಂಬಕ್ಕೆ ಮೊಳೆ ಹೊಡೆದು ನಿಲ್ಲಿಸಿದ್ದೇವೆ, ಸ್ವಲ್ಪ ವಾಲಿದೆ.

ನಿನ್ನ ಮನೆಗೆ ದಿನಾ ಹೋಗುತ್ತೇನೆ. ನಲ್ಲಿ ಬಿಟ್ಟು ನೋಡುತ್ತೇನೆ, ಮನೆ ಬೆಚ್ಚಗಿಡುವ ಒಲೆಯ ಉರಿ ಸಣ್ಣಗೆ ಇಟ್ಟಿದ್ದೇನೆ, ಗಿಡಕ್ಕೆ ನೀರು ಹಾಕುತ್ತೇನೆ. ಮೂರು ಗಿಡಗಳಲ್ಲಿ ಎರಡು ಚೆನ್ನಾಗಿವೆ, ಮೂರನೆಯದರ ಬಗ್ಗೆ ಕೇಳಬೇಡ. ನಿನ್ನ ಬೆಕ್ಕು ಡೀಕನ್ ಮೊದಲೆರಡು ವಾರ ನನ್ನನ್ನು ಕಳ್ಳನ ಹಾಗೆ ನೋಡುತ್ತಿತ್ತು, ಈಗ ತೊಡೆಯ ಮೇಲೆ ಬಂದು ಕೂರುತ್ತದೆ. ನನಗೆ ಬೆಕ್ಕು ಕಂಡರಾಗದು ಎಂದು ಐವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ, ಆದ್ದರಿಂದ ಇದನ್ನು ಯಾರಿಗೂ ಹೇಳಬೇಡ.

ಈಗ ಊಟದ ಕಥೆ. ಸೆಪ್ಟೆಂಬರಿನಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಎಂದಿನಂತೆ ಸಭೆ ಸೇರಿತು. ವರ್ನಾ ಕ್ಲೆವೆನ್ ತಲೆಯಾಳಾಗಿ ಮೇಜಿನ ಕೊನೆಯಲ್ಲಿ ಕೂತಳು. ಯಾವ ಮನೆಯಿಂದ ಯಾವ ಅಡುಗೆ ಎಂದು ನಾವು ಎಂದಾದರೂ ಬರೆದಿಟ್ಟಿದ್ದೇವೆಯೇ? ಆಲೂಗಡ್ಡೆ ಎಂದರೆ ಕ್ಲೆವೆನ್ ಮನೆ, ವರ್ನಾಳ ಅತ್ತೆಯ ಕಾಲದಿಂದ. ಅದರ ಮೇಲೆ ಸುರಿಯುವ ಗ್ರೇವಿ ಎಂದರೆ ಔಸ್ಟಾಡ್ ಮನೆ. ಟರ್ನಿಪ್ ಗಡ್ಡೆ ಬೇಯಿಸಿ ಹಿಸುಕಿದ ಮುದ್ದೆ ಎಂದರೆ ನಮ್ಮ ಅಮ್ಮ, ಅಮ್ಮನ ನಂತರ ನಲವತ್ನಾಲ್ಕು ವರ್ಷದಿಂದ ನೀನು. ಮದುವೆಯಾಗದೆ ಉಳಿದ ನನ್ನಂಥವರಿಗೆ ಕುರ್ಚಿ ಜೋಡಿಸುವುದು, ಕಾಫಿ ಕಾಯಿಸುವುದು. ವರ್ನಾ ಒಬ್ಬೊಬ್ಬರನ್ನೇ ನೋಡಿ "ಎಂದಿನ ಹಾಗೇನಾ?" ಎನ್ನುತ್ತಾಳೆ, ಅವರು "ಎಂದಿನ ಹಾಗೇ" ಎನ್ನುತ್ತಾರೆ, ಸಭೆ ಐದು ನಿಮಿಷ, ಕಾಫಿ ಎರಡು ಗಂಟೆ. ಈ ಸಲ ಸುತ್ತು ಬಂದು ಅವಳ ಕಣ್ಣು ನಿನ್ನ ಖಾಲಿ ಕುರ್ಚಿಯ ಮೇಲೆ ನಿಂತಿತು. ಎಲ್ಲರೂ ತಮ್ಮ ತಮ್ಮ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ನೋಡತೊಡಗಿದರು. ನಮ್ಮ ಪಾದ್ರಿಯಮ್ಮ ಮೆಲಿಂಡಾ ಬಂದು ಮೂರೇ ವರ್ಷವಾಯಿತಲ್ಲ, ಅವಳಿಗೆ ತಿಳಿಯಲಿಲ್ಲ. "ಅಲ್ಲಾ, ಹಾಗಾದ್ರೆ ಟರ್ನಿಪ್ ಯಾರು..." ಎಂದು ಬಾಯಿ ತೆರೆದಳು. ವರ್ನಾ ತಟ್ಟನೆ ಕೇಕಿನ ತಟ್ಟೆ ಅವಳ ಮೂಗಿನ ಕೆಳಗೆ ಹಿಡಿದು, "ಇನ್ನೊಂದ್ ತಗೊಳ್ಳಿ ಪಾದ್ರಿಯಮ್ಮ, ನೀವು ಏನೂ ತಿಂದೇ ಇಲ್ಲ" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು. ನಿನ್ನ ಅಡುಗೆ ಯಾರು ಮಾಡುತ್ತಾರೆ ಎಂದು ಕೇಳಿದರೆ ನೀನು ಬರುವುದಿಲ್ಲ ಎಂದು ಹೇಳಿದಂತೆ. ಆ ಮಾತನ್ನು ತಮ್ಮ ಬಾಯಿಂದ ಆಡಲು ಯಾರೂ ತಯಾರಿರಲಿಲ್ಲ, ನಾನೂ ಇರಲಿಲ್ಲ.

ಆದರೆ ಆ ಮೇಜಿನ ಮೇಲೆ ನಿನ್ನ ನೀಲಿ ಪಾತ್ರೆ ಇಲ್ಲದೆ ಊಟ ನಡೆಯುವುದನ್ನು ನನಗೆ ನೆನೆಸಿಕೊಳ್ಳಲೂ ಆಗಲಿಲ್ಲ. ನಾನೇ ಮಾಡುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂದುಕೊಂಡೆ. ಮೇ ತಿಂಗಳಲ್ಲಿ ನೀನು ನೆಟ್ಟಿದ್ದ ಟರ್ನಿಪ್ ಗಡ್ಡೆಗಳು ನೆಲದಲ್ಲೇ ಇದ್ದವು. ಗುರುವಾರ ಅಗೆದೆ. ದೇವರಾಣೆ ಅಕ್ಕಾ, ಅವು ತರಕಾರಿಯಲ್ಲ, ಕಲ್ಲು. ಒಂದರಲ್ಲಿ ಚಾಕು ಸಿಕ್ಕಿಕೊಂಡಿತು, ಆ ಚಾಕು ಇನ್ನೂ ಅದರಲ್ಲೇ ಇದೆ. ಕೊನೆಗೆ ಸೌದೆ ಸೀಳುವ ಕೈಗೊಡಲಿ ತಂದು ನಿನ್ನ ಅಡುಗೆಮನೆಯ ಕಟ್ಟೆಯ ಮೇಲೆ ಸೀಳಿದೆ. ಕಟ್ಟೆಗೆ ಸ್ವಲ್ಪ ಏಟಾಗಿದೆ, ಮೇಲೊಂದು ಬಟ್ಟೆ ಹಾಸಿದ್ದೇನೆ. ನಿನ್ನ ತಗಡಿನ ಡಬ್ಬಿಯಲ್ಲಿರುವ ಅಡುಗೆ ಚೀಟಿಗಳನ್ನೆಲ್ಲ ತಿರುವಿದೆ. ಊರಿನವರ ಅಡುಗೆಗಳೆಲ್ಲ ಇವೆ, ನಿನ್ನದೊಂದು ಇಲ್ಲ. ನಿನಗೇ ಫೋನ್ ಮಾಡಿ ಕೇಳೋಣವೆಂದರೆ ನಿನಗೆ ಗೊತ್ತಾಗಿಬಿಡುತ್ತದೆ. ಜಾಜಿಕಾಯಿ ಹಾಕುತ್ತಿದ್ದೆ ಎಂದು ನೆನಪಿತ್ತು, ಎಷ್ಟು ಎಂದು ನೆನಪಿರಲಿಲ್ಲ. ಒಂದು ದೊಡ್ಡ ಚಮಚ ಹಾಕಿದೆ. ಡೀಕನ್ ಬಂದು ಮೂಸಿ, ನನ್ನ ಮುಖವನ್ನೊಮ್ಮೆ ನೋಡಿ, ಹೊರಗೆ ಹೋಗಿ ಸಂಜೆಯವರೆಗೆ ಬರಲಿಲ್ಲ. ಶನಿವಾರ ಮತ್ತೆ ಎಲ್ಲ ಮೊದಲಿನಿಂದ. ಆ ಎರಡನೆಯದು ಪರವಾಗಿರಲಿಲ್ಲ, ತಿನ್ನಬಹುದಿತ್ತು.

ಭಾನುವಾರ ಎರಡು ಗಂಟೆಗೆ ಟೈ ಕಟ್ಟಿಕೊಂಡು, ನೀಲಿ ಪಾತ್ರೆಯನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ ಚರ್ಚಿಗೆ ಹೋದೆ. ಯಾರೂ ಬಾರದ ಹೊತ್ತು ಎಂದುಕೊಂಡಿದ್ದೆ. ನೋಡಿದರೆ ವರ್ನಾ ಮೆಟ್ಟಿಲಿಳಿಯುತ್ತಿದ್ದಾಳೆ, ತೋಳಲ್ಲಿ ಒಂದು ಪಾತ್ರೆ, ಅದರ ಮೇಲೆ ಅವಳ ಚಳಿಯಂಗಿ ಹೊದಿಸಿದ್ದಾಳೆ, ತಾನು ಮಾತ್ರ ತೆಳು ಅಂಗಿಯಲ್ಲಿ ನಡುಗುತ್ತಿದ್ದಾಳೆ. "ಏನ್ ವರ್ನಾ, ಪಾತ್ರೆಗೆ ಶೀತವೇ?" ಎಂದೆ. "ನಿಂಗ್ಯಾಕೆ? ನಿನ್ ಕಾಫಿ ನೋಡ್ಕೋ ಹೋಗು" ಎಂದಳು. ಡ್ಯುವೇನ್ ಔಸ್ಟಾಡ್ ಆರಡಿ ಮೂರಂಗುಲದ ಗಂಡಸು, ಹಿಂಬದಿಯ, ಕಲ್ಲಿದ್ದಲು ಇಳಿಸುವ ಗಿಡ್ಡ ಬಾಗಿಲಿನಿಂದ ಬಗ್ಗಿಕೊಂಡು ಒಳಗೆ ಬಂದ. ಒಂದು ಕೈಯಲ್ಲಿ ಗ್ರೇವಿಯ ಹಂಡೆ, ಇನ್ನೊಂದರಲ್ಲಿ ಮುಚ್ಚಿದ ಪಾತ್ರೆ, ಭುಜದ ತುಂಬ ಮಸಿ. ಹೀಗೆ ಒಬ್ಬೊಬ್ಬರಾಗಿ ಬಂದು ಮುಚ್ಚಿದ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು, ಏನೂ ಆಗಿಲ್ಲವೆಂಬಂತೆ ಕುರ್ಚಿ ಒರೆಸಲು ಹೋಗುವವರೇ. ತೊಂಬತ್ತೊಂದರ ಗುನ್ವಾಲ್ಡ್ ಅಜ್ಜ ಕೂಡ ತನ್ನ ನಡೆಗೋಲಿನ ಬುಟ್ಟಿಯಲ್ಲಿ ಒಂದು ಪಾತ್ರೆ ಇಟ್ಟುಕೊಂಡು ಬಂದ.

ನಾಲ್ಕು ಗಂಟೆಗೆ ವರ್ನಾ ಹಾಳೆಗಳನ್ನು ತೆಗೆಯತೊಡಗಿದಳು. ಮೊದಲನೆಯದು ನಿನ್ನ ನೀಲಿ ಪಾತ್ರೆ, ಹಳದಿ ಮುದ್ದೆ. ಅವಳ ಮುಖ ಕೆಂಪಾಯಿತು, ನನ್ನ ಕಡೆ ನೋಡಿದಳು. ಎರಡನೆಯದು ಅವಳದೇ, ಹಳದಿ ಮುದ್ದೆ. ಮೂರನೆಯದು ಹಳದಿ. ನಾಲ್ಕು, ಐದು, ಆರು. ಹನ್ನೊಂದು ಪಾತ್ರೆ ಟರ್ನಿಪ್ ಮುದ್ದೆ, ಅಕ್ಕಾ! ಆಮೇಲೆ ಪಾದ್ರಿಯಮ್ಮ ಮೆಲ್ಲಗೆ, "ಮತ್ತೆ ಆಲೂಗಡ್ಡೆ?" ಎಂದಳು. ಎಲ್ಲರೂ ವರ್ನಾಳ ಕಡೆ ತಿರುಗಿದರು. ವರ್ನಾ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತಳು. "ನಂಗಿರೋದು ಒಂದೇ ಓವನ್ನು" ಎಂದಳು. "ಆಲೂಗಡ್ಡೆ ಎಲ್ಲರ ಮನೇಲೂ ಇರುತ್ತೆ, ಯಾರಾದ್ರೂ ತಂದೇ ತರ್ತಾರೆ ಅಂದ್ಕೊಂಡೆ. ಥೋರಾಳ ಮುದ್ದೆ ಯಾರ್ ತರ್ತಾರೆ ಹೇಳಿ?" ಡ್ಯುವೇನ್ ತನ್ನ ಹಂಡೆಯ ಮುಚ್ಚಳ ತೆಗೆದು, ಒಳಗಿನ ಗ್ರೇವಿಯನ್ನು ದುಃಖದಿಂದ ನೋಡಿ, "ಈಗ ಇದನ್ನ ಎಲ್ಲಿಗ್ ಸುರೀಲಿ?" ಎಂದ. ಆಗ ಯಾರು ಮೊದಲು ನಕ್ಕರೋ ಗೊತ್ತಿಲ್ಲ, ಗುನ್ವಾಲ್ಡ್ ಅಜ್ಜನನ್ನು ಇಬ್ಬರು ಹಿಡಿದುಕೊಳ್ಳಬೇಕಾಯಿತು.

ಅಷ್ಟರಲ್ಲಿ ಸುತ್ತಲ ಊರುಗಳಿಂದ ಬಂದ ಜನರ ಸಾಲು ಮೆಟ್ಟಿಲು ದಾಟಿ ಹೊರಗೆ ಗಾಳಿಯಲ್ಲಿ ನಿಂತಿತ್ತು. ನೂರಾ ಅರವತ್ತು ಜನಕ್ಕೆ ಆಲೂಗಡ್ಡೆ ಸುಲಿದು ಬೇಯಿಸುವ ಹೊತ್ತು ಎಲ್ಲಿತ್ತು? ಪಾದ್ರಿಯಮ್ಮ ಪ್ರಾರ್ಥನೆ ಶುರುಮಾಡಿ, "ಕರ್ತನೇ, ನಮ್ಮ ಮುಂದಿರುವ ಈ..." ಎಂದು ನಿಂತಳು, ಹುಡುಕಾಡಿ "ಹೇರಳವಾದ" ಎಂದಳು. ವರ್ನಾ ಮೂಗಿನಲ್ಲಿ ಸದ್ದು ಮಾಡಿ ಅದನ್ನು ಕೆಮ್ಮಾಗಿ ಬದಲಿಸಿದಳು. ಟರ್ಕಿ ಕೋಳಿ, ಮುದ್ದೆ, ಮುದ್ದೆಯ ಮೇಲೆ ಗ್ರೇವಿ, ಪಕ್ಕದಲ್ಲಿ ಇನ್ನಷ್ಟು ಮುದ್ದೆ. ನಮ್ಮ ಜನ ಗೊತ್ತಲ್ಲ, ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ತಟ್ಟೆ ನೋಡಿ, "ಓ, ಈ ಸಲ ಒಂಥರಾ ಬೇರೆಯಾಗಿದೆ" ಎಂದು ಹೇಳಿ ತಿಂದರು. ಅದಕ್ಕಿಂತ ಕಟುವಾದ ಮಾತು ನಮ್ಮಲ್ಲಿ ಇಲ್ಲ. ಕೆಂಪು ಟೋಪಿಯ ಒಬ್ಬ ಅಪರಿಚಿತ ಮಾತ್ರ ಧೈರ್ಯಮಾಡಿ, "ಆಲೂಗಡ್ಡೆ ಮುಗ್ದೋಯ್ತಾ ಅಮ್ಮ?" ಎಂದ. "ಬೆಳಿಗ್ಗೆಯಿಂದ್ಲೇ ಮುಗ್ದಿದೆ, ಇನ್ನೊಂದ್ ಚೂರ್ ಮುದ್ದೆ ಹಾಕ್ಲಾ?" ಎಂದು ವರ್ನಾ ಅವನ ಉತ್ತರಕ್ಕೂ ಕಾಯದೆ ಹಾಕಿದಳು.

ಪಾತ್ರೆ ತೊಳೆಯುವಾಗ ಜಗಳ ಶುರುವಾಯಿತು, ಒಳ್ಳೆಯ ಜಗಳ. ಎಲ್ಲರೂ ಒಂದೊಂದು ಚಮಚ ಹಿಡಿದು ಹನ್ನೊಂದು ಪಾತ್ರೆಯ ತಳ ಕೆರೆದು ರುಚಿ ನೋಡುವವರೇ. ನಿನ್ನ ಮುದ್ದೆಯ ಗುಟ್ಟು ಕೆನೆ ಎಂದಳು ವರ್ನಾ. ಡ್ಯುವೇನ್ ಕಂದುಸಕ್ಕರೆ ಎಂದ. ನಾನು ಜಾಜಿಕಾಯಿ ಎಂದೆ. ಯಾರೂ ನಿನ್ನ ರುಚಿಯ ಹತ್ತಿರಕ್ಕೂ ಸುಳಿದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆಗ ಮೂಲೆಯಲ್ಲಿ ಕೂತಿದ್ದ ಗುನ್ವಾಲ್ಡ್ ಅಜ್ಜ, "ನಾನ್ ಇದನ್ನ ಥೋರಾಳ ಅಮ್ಮನ ಕಾಲದಿಂದ ತಿಂದಿದೀನಿ. ಸತ್ಯ ಹೇಳ್ಲಾ? ಒಂದ್ ವರ್ಷಾನೂ ನಂಗೆ ಸೇರಿಲ್ಲ" ಎಂದ. ಆಮೇಲೆ ವರ್ನಾ, "ನಂಗೂ" ಎಂದಳು. ಡ್ಯುವೇನ್ ಕೈಯೆತ್ತಿದ. ಕ್ಷಮಿಸು ಅಕ್ಕಾ, ನಾನೂ ಎತ್ತಿದೆ. ಅಮ್ಮ ಬದುಕಿದ್ದಾಗ ಬೆಕ್ಕಿಗೆ ಹಾಕುತ್ತಿದ್ದೆ. "ಮತ್ತೆ ಇಷ್ಟು ಕಷ್ಟಪಟ್ಟು ಯಾಕ್ ಮಾಡ್ಕೊಂಡ್ ಬಂದೆ ಅಜ್ಜ?" ಎಂದು ಪಾದ್ರಿಯಮ್ಮ ಕೇಳಿದಳು. ಅಜ್ಜ ಅವಳನ್ನು ದಡ್ಡಿಯನ್ನು ನೋಡುವಂತೆ ನೋಡಿ, "ಅಲ್ಲಮ್ಮ, ಅವಳ ಜಾಗ ಖಾಲಿ ಬಿಡಕ್ಕಾಗುತ್ತಾ?" ಎಂದ. ವರ್ನಾ ಒಮ್ಮೆಗೇ ಸಿಂಕಿನ ಕಡೆ ತಿರುಗಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು. ಅವಳ ಭುಜ ಅಲುಗುತ್ತಿತ್ತು. ನಾನು ಒಂದು ಒಣಬಟ್ಟೆ ಕೊಟ್ಟು ಪಕ್ಕದಲ್ಲಿ ನಿಂತೆ.

ಹೊರಡುವಾಗ, ಅಂದರೆ ಹೊರಡುತ್ತೇವೆ ಎಂದು ಹೇಳಿ ಮುಕ್ಕಾಲು ಗಂಟೆಯ ಮೇಲೆ, ಡ್ಯುವೇನ್ ನನ್ನ ಪಿಕಪ್ಪಿಗೆ ಒರಗಿ ನಿಂತು ಬೂಟಿನ ತುದಿಯಿಂದ ಜಲ್ಲಿ ಕೆದಕತೊಡಗಿದ. ಮೊದಲು ಗೋಧಿಯ ತೇವದ ಬಗ್ಗೆ ಮಾತಾಡಿದ, ಆಮೇಲೆ ಟೈರಿನ ಬಗ್ಗೆ. ಕೊನೆಗೆ, "ಹಾಲ್ವರಣ್ಣ, ಥೋರಕ್ಕಂಗೆ ಮನೆ ಮಾರ್ಲೇಬೇಕು ಅಂತ ಇದೆಯಾ?" ಎಂದ. ನಾನು, "ಅದು ನಿಂಗೇ ಬೇಕಂತಲ್ಲ, ಯಂತ್ರ ನಿಲ್ಸೋಕೆ ಜಾಗ ಬೇಕಂತಲ್ಲ" ಎಂದೆ. "ನಂಗಾ? ನಂಗ್ಯಾಕೆ ಮಾರಾಯ! ನನ್ ಹತ್ರ ಮೂರ್ ಕೊಟ್ಟಿಗೆ ಖಾಲಿ ಬಿದ್ದಿವೆ. ಜೋಯ್ಲಿನ್ ಫೋನ್ ಮಾಡಿ ಅಮ್ಮನ ಮನೆ ತಗೊಳ್ತೀರಾ ಅಂದ್ಲು. ಅವ್ರಿಗೆ ಬೇಗ ಮುಗಿಸ್ಬೇಕಾಗಿದೆಯೇನೋ, ಇಲ್ಲ ಅಂದ್ರೆ ಚೆನ್ನಾಗಿರಲ್ಲ ಅಂತ ಹೂಂ ಅಂದೆ" ಎಂದ. ಮನೆಗೆ ಬಂದು ಜೋಯ್ಲಿನ್‌ಗೆ ಫೋನ್ ಮಾಡಿದೆ. ಡ್ಯುವೇನ್ ಜೂನಿನಲ್ಲಿ ನಿನ್ನ ಮನೆಯನ್ನು ಸುತ್ತಿ ಸುತ್ತಿ ನೋಡುತ್ತಿದ್ದ, ಅವನಿಗೆ ಜಾಗದ ಮೇಲೆ ಕಣ್ಣಿದೆ, ಪಾಪ ಕೇಳಲು ಸಂಕೋಚ ಎಂದು ನೀನೇ ಅವಳಿಗೆ ಹೇಳಿದೆಯಂತೆ. ಅಕ್ಕಾ, ಅವನು ನೋಡುತ್ತಿದ್ದದ್ದು ಗಾಳಿಗೆ ಎದ್ದುನಿಂತ ಚಾವಣಿಯ ಹಲಗೆಯನ್ನು, ನಿನಗೆ ಹೇಳದೆ ಬಡಿದುಕೊಡೋಣ ಎಂದು.

ಹೀಗಿದೆ ನೋಡು ನಮ್ಮ ಕಥೆ. ಕೊಳ್ಳಲು ಮನಸ್ಸಿಲ್ಲದವನು ಮರ್ಯಾದೆಗೆ ಹೂಂ ಎಂದಿದ್ದಾನೆ. ಮಾರುವವಳಿಗೆ ಮನಸ್ಸಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಏಕೆಂದರೆ ಯಾರೂ ಕೇಳಿಲ್ಲ. ಒಂದು ಊಟಕ್ಕೆ ಯಾರು ಏನು ತರುತ್ತೀರಿ ಎಂದು ಕೇಳಲಾಗದ ಜನ ನಾವು, ಮನೆಯ ವಿಷಯ ಕೇಳುತ್ತೇವೆಯೇ? ನೀನು ಶುಕ್ರವಾರ ಬೇಡ ಎಂದರೆ ಡ್ಯುವೇನ್‌ಗೆ ಒಂದು ಚೂರೂ ಬೇಸರವಿಲ್ಲ. ಹಿತ್ತಲ ಮೆಟ್ಟಿಲಿಗೆ ಇಳಿಜಾರು ಹಲಗೆ ಹಾಕುವುದು ಒಂದು ದಿನದ ಕೆಲಸ ಎಂದೂ ಅವನೇ ಹೇಳಿದ, ಅಳತೆಯನ್ನೂ ತೆಗೆದುಕೊಂಡು ಹೋದ. ವರ್ನಾ, "ಒಂದ್ ಕೈಯಾದ್ರೆ ಏನು, ಎಡಗೈಯಲ್ಲಿ ಬೆರಳು ತೋರ್ಸಿ ನಮ್ಮನ್ನ ಬೈದು ಮಾಡಿಸ್ಲಿ. ಮೊದ್ಲೂ ಅದನ್ನೇ ಮಾಡ್ತಿದ್ದದ್ದು" ಎಂದಳು. ಇದೆಲ್ಲ ಸುದ್ದಿ ಎಂದು ಬರೆದೆ ಅಷ್ಟೆ.

ವರ್ನಾ, ಅವಳ ಗಂಡ, ಡ್ಯುವೇನ್, ಪಾದ್ರಿಯಮ್ಮ ಎಲ್ಲರೂ ನಿನ್ನನ್ನು ಬಹಳ ಕೇಳಿದರೆಂದು ಬರೆಯಲು ಹೇಳಿದ್ದಾರೆ. ಗುನ್ವಾಲ್ಡ್ ಅಜ್ಜ ತನ್ನ ಆಶೀರ್ವಾದ ತಿಳಿಸಿದ್ದಾನೆ, ಮುದ್ದೆಯ ಬಗ್ಗೆ ಹೇಳಿದ್ದನ್ನು ನಿನಗೆ ಬರೆಯಬಾರದೆಂದೂ ಹೇಳಿದ್ದಾನೆ. ಬೆಳಿಗ್ಗೆಯಿಂದ ಹೆಬ್ಬಾತುಗಳು ದಕ್ಷಿಣಕ್ಕೆ ಹೋಗುತ್ತಿವೆ, ಸದ್ದಿಗೆ ನನಗೇ ನನ್ನ ಮಾತು ಕೇಳಿಸುತ್ತಿಲ್ಲ. ಕಾಲಿಗೆ ಬೆಚ್ಚಗಿನದು ಹಾಕಿಕೋ. ಆ ವ್ಯಾಯಾಮದ ಹುಡುಗಿಯನ್ನು ಅಳಿಸಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಹಾಲ್ವರ್

ಮರೆತ ಮಾತು: ಲಕೋಟೆ ಅಂಟಿಸಿ, ಪಿಕಪ್ ಚಾಲೂ ಮಾಡಿ, ಮತ್ತೆ ಒಳಗೆ ಬಂದು ಹರಿದು ತೆರೆದಿದ್ದೇನೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆ ಹೊರಡುವುದು ಹನ್ನೊಂದಕ್ಕೆ, ಹದಿನೆಂಟು ಮೈಲಿ ಹೋಗಬೇಕು. ಆಗಸ್ಟಿನಲ್ಲಿ ಆಸ್ಪತ್ರೆಯ ಪಡಸಾಲೆಯಲ್ಲಿ ಜೋಯ್ಲಿನ್ ನನ್ನನ್ನು, "ಮಾಮ, ಅಮ್ಮ ಊರಿಗೆ ವಾಪಸ್ ಬರ್ಲಾ, ಇಲ್ಲೇ ಇರ್ಲಾ, ನಿಮ್ಗೇನನ್ಸುತ್ತೆ?" ಎಂದು ಕೇಳಿದಾಗ ನಾನು, "ಅವಳಿಗೆ ಹೇಗ್ ಅನುಕೂಲವೋ ಹಾಗೆ, ನಂಗೇನೂ ತೊಂದ್ರೆ ಇಲ್ಲ" ಎಂದೆ. ನಿನ್ನ ಕೋಣೆಯ ಬಾಗಿಲು ತೆರೆದಿತ್ತು. ನೀನು ಕಣ್ಣು ಮುಚ್ಚಿದ್ದೆ, ಆದರೆ ಮಧ್ಯಾಹ್ನ ಮೂರಕ್ಕೆ ನೀನು ನಿದ್ದೆ ಮಾಡಿದ್ದನ್ನು ನಾನು ಜನ್ಮದಲ್ಲಿ ಕಂಡಿಲ್ಲ. ನೀನು ಕೇಳಿಸಿಕೊಂಡೆ ಎಂದು ನನಗೆ ಅವತ್ತೇ ಗೊತ್ತಿತ್ತು, ಎರಡು ತಿಂಗಳಿಂದ ಗೊತ್ತಿದೆ. ಅದು ಸುಳ್ಳು ಅಕ್ಕಾ. ನನಗೆ ಬಹಳ ತೊಂದರೆ ಇದೆ. ಮೇಲೆ ಬರೆದದ್ದೆಲ್ಲ ಊರಿಗೆ ನೀನು ಬೇಕು ಎಂದು ತೋರಿಸಲು. ಊರು ಹೇಗೋ ನಡೆದುಕೊಂಡು ಹೋಗುತ್ತದೆ, ಮುಂದಿನ ವರ್ಷ ಆಲೂಗಡ್ಡೆಯೂ ಬರುತ್ತದೆ. ನನಗೆ ಆಗುವುದಿಲ್ಲ. ಬೆಳಿಗ್ಗೆ ಎದ್ದು ನನ್ನ ಕಿಟಕಿಯಿಂದ ನಿನ್ನ ಅಡುಗೆಮನೆಯ ದೀಪ ಉರಿಯುತ್ತಿದೆಯೇ ಎಂದು ನೋಡುತ್ತೇನೆ, ಎಷ್ಟೋ ವರ್ಷದಿಂದ ನೋಡಿಕೊಂಡು ಬಂದಿದ್ದೇನೆ, ಈಗ ಅದು ಕತ್ತಲೆ. ಸಹಿ ಹಾಕಬೇಡ. ಮನೆಗೆ ಬಾ. ನಾನು ಕೇಳುತ್ತಿದ್ದೇನೆ. ಉತ್ತರ ಬರೆಯಬೇಡ, ಎಡಗೈಗೆ ಕಷ್ಟ. ಶುಕ್ರವಾರ ಒಂಬತ್ತಕ್ಕೆ, ವಕೀಲರಿಗಿಂತ ಮುಂಚೆ, ನಾನೇ ಬರುತ್ತೇನೆ. ಯಾರಾದರೂ ಕಾಫಿ ಬೇಕೇ ಎಂದರೂ ಎರಡು ಸಲ ಬೇಡ ಎಂದು ಮೂರನೆಯ ಸಲಕ್ಕೆ ಹೂಂ ಎನ್ನುವುದು ನಮ್ಮ ಅಮ್ಮ ಕಲಿಸಿದ ಮರ್ಯಾದೆಯಲ್ಲವೆ? ಇದು ಮೊದಲನೆಯ ಸಲ. ಎರಡನೆಯ ಸಲ ನಿನ್ನ ಮಂಚದ ಪಕ್ಕ ನಿಂತು ಕೇಳುತ್ತೇನೆ, ಬೇಡ ಎನ್ನು, ಬೇಸರವಿಲ್ಲ. ಮೂರನೆಯ ಸಲ ಕೇಳುವವರೆಗೆ ನಾನು ಅಲ್ಲಿಂದ ಕದಲುವುದಿಲ್ಲ.